ಪ್ರತಿಭೆ ಎಂಬ ಬಾಗಿಲಿಗೆ ಎಷ್ಟು ಬೀಗ?

ಮೊದಲು ನನ್ನ ತಪ್ಪು ಒಪ್ಪಿಕೊಂಡು ಆಮೇಲೆ ಬೇರೆಯವರ ತಪ್ಪಿಗೆ ಬರುತ್ತೇನೆ.

ಹೋದ ವರ್ಷ ಮಳೆಗಾಲದಲ್ಲಿ ನಮ್ಮ ಕೇರಿಯ ಹುಡುಗಿಯೊಬ್ಬಳು ನಮ್ಮನೆ ಜಗುಲಿಗೆ ಬಂದು ಕೂತಳು. ಆಗ ಮೊದಲನೇ ಪಿಯುಸಿ. ಗಣಿತದಲ್ಲಿ ಭಾರೀ ಚುರುಕು. ಕೈಯಲ್ಲಿ ಅವಳಣ್ಣನ ಒಡೆದ ಮೊಬೈಲು. "ಅಣ್ಣಾ, ಅಮೆರಿಕದ ಕಾಲೇಜಿಗೆ ನಾನೂ ಅರ್ಜಿ ಹಾಕಬೌದಾ? ದುಡ್ಡಿಲ್ದೋರಿಗೆ ಅವರೇ ಕೊಡ್ತಾರಂತಲ್ಲ" ಅಂದಳು. ನಾನು ನಕ್ಕುಬಿಟ್ಟೆ. "ಅದೆಲ್ಲ ನಮ್ಮಂಥೋರಿಗಲ್ಲ ಕಣವ್ವ, ಸುಮ್ನೆ ಸಿಇಟಿಗೆ ಓದ್ಕೊ" ಅಂದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ "ನೀವೂ ಹಂಗೇ ಅಂತೀರಾ?" ಅಂದು ಎದ್ದು ಹೋದಳು.

ಗೆಳೆಯರೇ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 'ನಮ್ಮಂಥೋರಿಗಲ್ಲ' ಅನ್ನುವ ಮಾತು ನನ್ನ ತಾತ ಗುಡಿ ಮುಂದೆ ಕೇಳಿದ ಮಾತು. ನನ್ನಪ್ಪ ಹೋಟೆಲಿನ ಬೆಂಚಿನ ಮುಂದೆ ಕೇಳಿದ ಮಾತು. ನಾನು ಇಂಗ್ಲಿಷ್ ಎಂ.ಎ.ಗೆ ಅರ್ಜಿ ಹಾಕಲು ಹೋದಾಗ ಒಬ್ಬ ಗುಮಾಸ್ತನ ಬಾಯಲ್ಲಿ ಕೇಳಿದ ಮಾತು. ಇವತ್ತು ಅದೇ ಮಾತನ್ನು, ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮುಟ್ಟಿದ ನಾನು, ಸಭೆಗಳಲ್ಲಿ ಸಮಾನತೆಯ ಪದ್ಯ ಓದುವ ನಾನು, ನಮ್ಮ ಕೇರಿಯ ಹುಡುಗಿಗೇ ಹೇಳಿದೆ. ಕಾವಲುಗಾರನ ಕೆಲಸಕ್ಕೆ ಯಾವ ಸಂಬಳವೂ ಇಲ್ಲದೆ ಸೇರಿಕೊಂಡುಬಿಟ್ಟಿದ್ದೆ.

ಆಮೇಲೆ ಒಂದು ವರ್ಷ ಕೂತು ಆ ಬಾಗಿಲಿನ ಬೀಗಗಳನ್ನು ಎಣಿಸಿದೆ. ಎಣಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕನಸು ಮಾರಲಿಕ್ಕಲ್ಲ, ಕನಸು ಕಿತ್ತುಕೊಳ್ಳಲಿಕ್ಕೂ ಅಲ್ಲ. ಲೆಕ್ಕ ಗೊತ್ತಿರಬೇಕು, ಅಷ್ಟೆ. ನಮ್ಮ ಜನ ಸಾವಿರಾರು ವರ್ಷ ಮೋಸ ಹೋದದ್ದೇ ಲೆಕ್ಕದ ಪುಸ್ತಕ ಬೇರೆಯವರ ಕೈಲಿದ್ದಕ್ಕೆ.

*

ಮೊದಲ ಲೆಕ್ಕ. ೨೦೨೪ರಲ್ಲಿ ಹಾರ್ವರ್ಡ್ ಕಾಲೇಜಿನ ಬಾಗಿಲು ತಟ್ಟಿದವರು ೫೪,೦೦೮ ಮಂದಿ. ಒಳಗೆ ಬಾ ಅನ್ನಿಸಿಕೊಂಡವರು ೧,೯೩೭. ಅಂದರೆ ನೂರಕ್ಕೆ ನಾಲ್ಕು ಜನವೂ ಇಲ್ಲ. ಇದು ಅಮೆರಿಕದವರೂ ಹೊರಗಿನವರೂ ಸೇರಿದ ಲೆಕ್ಕ. ಹೊರದೇಶದವರ ಲೆಕ್ಕ ಇನ್ನೂ ಬಿಗಿ. ಮಸಾಚುಸೆಟ್ಸಿನ ಎಂಐಟಿಯಲ್ಲಿ ಎಲ್ಲ ಅರ್ಜಿಗಳಲ್ಲಿ ನೂರಕ್ಕೆ ನಾಲ್ಕೈದು ಗೆದ್ದರೆ, ಹೊರದೇಶದ ಅರ್ಜಿಗಳಲ್ಲಿ ಗೆಲ್ಲುವುದು ನೂರಕ್ಕೆ ಎರಡರ ಆಸುಪಾಸು. ಅಲ್ಲಿನ ತರಗತಿಯಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಹೊರಗಿನವರಿಗೆ. ಆ ಒಂದು ಪಾಲಿಗೆ ಚೀನಾ, ಭಾರತ, ನೈಜೀರಿಯಾ, ಬ್ರೆಜಿಲ್ ಎಲ್ಲ ದೇಶಗಳ ಮೊದಲ ಸಾಲಿನ ಮಕ್ಕಳೂ ಸಾಲು ನಿಂತಿರುತ್ತಾರೆ.

"ನಮ್ಮ ದೇಶದೋರು ಅಲ್ಲಿ ಲಕ್ಷಾಂತರ ಜನ ಓದ್ತಾವ್ರಲ್ಲ" ಅಂತ ನೀವು ಕೇಳಬಹುದು. ನಿಜ. ೨೦೨೩-೨೪ರಲ್ಲಿ ಅಮೆರಿಕದಲ್ಲಿದ್ದ ಭಾರತದ ವಿದ್ಯಾರ್ಥಿಗಳು ೩,೩೧,೬೦೨. ಆದರೆ ಅದರಲ್ಲಿ ಬಿ.ಎ., ಬಿ.ಎಸ್ಸಿ. ಥರದ ಮೊದಲ ಪದವಿ ಓದುತ್ತಿದ್ದವರು ಸುಮಾರು ೩೬ ಸಾವಿರ. ಉಳಿದವರಲ್ಲಿ ಬಹುಪಾಲು ಎಂ.ಎಸ್.ಗೆ ಹೋದವರು, ಇಲ್ಲವೇ ಓದು ಮುಗಿಸಿ ಅಲ್ಲೇ ತರಬೇತಿಯ ಕೆಲಸದಲ್ಲಿರುವವರು. ಬ್ಯಾಂಕಿನ ಸಾಲಕ್ಕೆ ಅಡವಿಡಲು ಸೈಟು, ತೋಟ, ಮನೆ ಇರುವವರ ಮೆರವಣಿಗೆ ಅದು. ನಮ್ಮ ಕೇರಿಯಲ್ಲಿ ಅಡವಿಡಲು ಇರುವುದು ಹಕ್ಕುಪತ್ರ ಇಲ್ಲದ ಗೋಡೆಗಳು.

ಎರಡನೇ ಲೆಕ್ಕ, ದುಡ್ಡಿನದು. ೨೦೨೫-೨೬ರ ಸಾಲಿಗೆ ಹಾರ್ವರ್ಡ್ ಕಾಲೇಜು ಹಾಕಿದ ವರ್ಷದ ಬಿಲ್ಲು ೮೬,೯೨೬ ಡಾಲರು. ನಮ್ಮ ದುಡ್ಡಲ್ಲಿ ಎಪ್ಪತ್ತು ಲಕ್ಷ ದಾಟುತ್ತದೆ. ನಮ್ಮವ್ವ ದಿನಕ್ಕೆ ಮುನ್ನೂರು ರೂಪಾಯಿಗೆ ಕಳೆ ಕೀಳುತ್ತಾಳೆ. ಭಾನುವಾರ, ಹಬ್ಬ, ಜ್ವರ ಯಾವುದೂ ಇಲ್ಲದೆ ದಿನವೂ ದುಡಿದರೂ, ಒಂದು ಕಾಸು ತಿನ್ನದೆ ಉಳಿಸಿದರೂ, ಈ ಒಂದು ವರ್ಷದ ಬಿಲ್ಲಿಗೆ ಅವಳು ಅರವತ್ತು ವರ್ಷಕ್ಕಿಂತ ಹೆಚ್ಚು ಬಗ್ಗಿ ದುಡಿಯಬೇಕು. ಪದವಿಗೆ ನಾಲ್ಕು ವರ್ಷ. ನಾಲ್ಕು ಜನ್ಮ ಅನ್ನಿ.

ಹಾಗಾದರೆ ಆ ಹುಡುಗಿ ಹೇಳಿದ್ದು ಸುಳ್ಳೇ? ಅಲ್ಲ. ಅದೇ ನನ್ನ ಮುಖಕ್ಕೆ ಹೊಡೆದದ್ದು. ಹಾರ್ವರ್ಡಿನಲ್ಲಿ, ವರ್ಷಕ್ಕೆ ಒಂದು ಲಕ್ಷ ಡಾಲರಿಗಿಂತ ಕಡಿಮೆ ಆದಾಯವಿರುವ ಸಾಮಾನ್ಯ ಕುಟುಂಬದ ಮಗು ಆಯ್ಕೆಯಾದರೆ, ಫೀಸು, ಊಟ, ವಸತಿ ಯಾವುದಕ್ಕೂ ಮನೆಯವರು ಕಾಸು ಕೊಡಬೇಕಿಲ್ಲ. ೨೦೨೫ರಲ್ಲಿ ಅವರೇ ಸಾರಿದ ನಿಯಮ. ಹೊರದೇಶದವರಿಗೂ ಅದೇ. ಇಡೀ ನಮ್ಮ ಊರನ್ನೇ ಗುಡ್ಡೆ ಹಾಕಿದರೂ ಆ ಲಕ್ಷ ಡಾಲರು ಮುಟ್ಟುವುದು ಕಷ್ಟ. ಅಂದರೆ ಒಳಗೆ ಹೋದವಳಿಗೆ ಊಟ ಇದೆ. ಪ್ರಶ್ನೆ ಇರುವುದು ಬಾಗಿಲಲ್ಲಿ.

ಈ ಬಾಗಿಲಿನ ಗುಟ್ಟನ್ನು ನಮ್ಮ ಮೇಷ್ಟ್ರುಗಳು ತಿಳಿಯಬೇಕು. ಅಮೆರಿಕದ ಕಾಲೇಜುಗಳಲ್ಲಿ ಎರಡು ಥರ. ಒಂದು, ಅರ್ಜಿ ಓದುವಾಗ ಹುಡುಗನ ಅಪ್ಪನ ಜೇಬು ನೋಡದವು. ಇನ್ನೊಂದು, ಜೇಬನ್ನೂ ನೋಡುವವು. ತಮ್ಮ ದೇಶದ ಮಕ್ಕಳಿಗೆ ಜೇಬು ನೋಡದ ಕಾಲೇಜುಗಳು ಸಾಕಷ್ಟಿವೆ. ಹೊರದೇಶದ ಮಕ್ಕಳ ಜೇಬನ್ನೂ ನೋಡದೆ, ಆಯ್ಕೆಯಾದರೆ ಪೂರ್ತಿ ಖರ್ಚು ತುಂಬಿಕೊಡುವವು ಬೆರಳೆಣಿಕೆಯಷ್ಟು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಹಿಂದಿನಿಂದ ಇದ್ದವು. ೨೦೨೨ರಲ್ಲಿ ಡಾರ್ಟ್‌ಮತ್, ಬೌಡಿನ್ ಸೇರಿದವು. ಆಮೇಲೆ ಬ್ರೌನ್, ನೋಟರ್‌ಡೇಮ್ ಸೇರಿದವು. ಉಳಿದ ಹೆಸರಾಂತ ಕಾಲೇಜುಗಳಲ್ಲಿ, ನೆರವು ಬೇಕು ಅಂತ ಗುರುತು ಹಾಕಿದ ಕೂಡಲೇ ಹೊರದೇಶದ ಅರ್ಜಿಯ ತೂಕ ಇಳಿಯುತ್ತದೆ. ಒಂದೇ ಅಂಕ, ಒಂದೇ ಬುದ್ಧಿ. ಆದರೆ ದುಡ್ಡು ಕಟ್ಟುವ ಹುಡುಗನಿಗೆ ಒಂದು ತಕ್ಕಡಿ, ದುಡ್ಡು ಕೇಳುವ ಹುಡುಗಿಗೆ ಇನ್ನೊಂದು ತಕ್ಕಡಿ. ನಮಗೇನು ಎರಡು ತಕ್ಕಡಿ ಹೊಸದೇ? ಎರಡು ಲೋಟ ನೋಡಿ ಬೆಳೆದವರು ನಾವು.

*

ಈಗ 'ಪ್ರತಿಭೆ' ಅನ್ನುವ ದೇವರ ಹತ್ತಿರ ಬರೋಣ.

ಅಲ್ಲಿ ಬರೀ ಅಂಕ ನೋಡುವುದಿಲ್ಲ, 'ಇಡೀ ಮನುಷ್ಯನನ್ನು' ನೋಡುತ್ತೇವೆ ಅಂತ ಹೇಳುತ್ತಾರೆ. ಕೇಳಲಿಕ್ಕೆ ಚೆಂದ. ನಮ್ಮಲ್ಲಿ ಒಂದು ಅಂಕಕ್ಕೆ ಮಕ್ಕಳು ನೇಣು ಹಾಕಿಕೊಳ್ಳುವ ಕಾಲದಲ್ಲಿ ಇದು ಬಿಡುಗಡೆಯ ಮಾತಿನಂತೆಯೇ ಕೇಳಿಸುತ್ತದೆ. ಆದರೆ ಈ ಪದ್ಧತಿ ಹುಟ್ಟಿದ್ದು ಹೇಗೆ ಅಂತ ಗೊತ್ತೇ?

೧೯೨೦ರ ಸುಮಾರಿಗೆ ಹಾರ್ವರ್ಡ್ ಪರೀಕ್ಷೆ ಬರೆದು ಪಾಸಾದವರನ್ನು ಸೇರಿಸಿಕೊಳ್ಳುತ್ತಿತ್ತು. ವಲಸೆ ಬಂದ ಯಹೂದಿ ಬಡವರ ಮಕ್ಕಳು ಚೆನ್ನಾಗಿ ಓದಿ ಪಾಸಾಗತೊಡಗಿದರು. ೧೯೨೨ರ ಹೊತ್ತಿಗೆ ಹೊಸದಾಗಿ ಸೇರಿದವರಲ್ಲಿ ಐದರಲ್ಲಿ ಒಬ್ಬರಿಗಿಂತ ಹೆಚ್ಚು ಯಹೂದಿಗಳು. ಅಧ್ಯಕ್ಷ ಲೋವೆಲ್‌ಗೆ ಕಳವಳ. ಯಹೂದಿಗಳಿಗೆ ನೂರಕ್ಕೆ ಹದಿನೈದರ ಮಿತಿ ಹಾಕೋಣ ಅಂದ. ಬಹಿರಂಗವಾಗಿ ಮಿತಿ ಹಾಕಲು ಅಧ್ಯಾಪಕರು ಒಪ್ಪಲಿಲ್ಲ. ಆಗ ದಾರಿ ಬದಲಾಯಿತು. ೧೯೨೬ರಿಂದ ಅಂಕದ ಜೊತೆ 'ನಡತೆ', 'ವ್ಯಕ್ತಿತ್ವ', ಭಾವಚಿತ್ರ, ಸಂದರ್ಶನ ಎಲ್ಲ ಬಂದವು. ಯಹೂದಿಗಳ ಸಂಖ್ಯೆ ಇಳಿಯಿತು. ಯೇಲ್, ಪ್ರಿನ್ಸ್‌ಟನ್ ಕೂಡ ಇದೇ ದಾರಿ ಹಿಡಿದವು. ಜೆರೋಮ್ ಕರಬೆಲ್ ಎಂಬ ಸಮಾಜಶಾಸ್ತ್ರಜ್ಞ ೨೦೦೫ರ ತನ್ನ 'ದಿ ಚೋಸನ್' ಪುಸ್ತಕದಲ್ಲಿ ಈ ಚರಿತ್ರೆಯನ್ನು ಕಡತ ಸಮೇತ ಬಿಚ್ಚಿಟ್ಟಿದ್ದಾನೆ.

ಅರ್ಥವಾಯಿತಲ್ಲ? ಪರೀಕ್ಷೆಯಲ್ಲಿ ಕೆಳಗಿನವರು ಗೆದ್ದರೆ, ಪರೀಕ್ಷೆಯೇ ಸಾಲದು ಅನ್ನುತ್ತಾರೆ. ಪರೀಕ್ಷೆಯಲ್ಲಿ ಕೆಳಗಿನವರು ಸೋತರೆ, ಪರೀಕ್ಷೆಯೇ ಪ್ರತಿಭೆ ಅನ್ನುತ್ತಾರೆ. ಇದು ಪುರೋಹಿತರ ಪಂಚಾಂಗ. ಮುಹೂರ್ತ ಯಾವಾಗಲೂ ಅವರ ಮನೆ ಮದುವೆಗೇ ಕೂಡಿಬರುತ್ತದೆ.

ಇನ್ನೊಂದು ಸಂಗತಿ. ಅಪ್ಪ ಓದಿದ ಕಾಲೇಜಿಗೆ ಮಗ ಅರ್ಜಿ ಹಾಕಿದರೆ ಅವನಿಗೆ ಆದ್ಯತೆ. ಅದಕ್ಕೆ ಅವರು 'ಲೆಗಸಿ' ಅಂತ ಮರ್ಯಾದೆಯ ಹೆಸರಿಟ್ಟಿದ್ದಾರೆ. ನಮ್ಮ ಭಾಷೆಯಲ್ಲಿ ಅದು ಪಟೇಲಿಕೆ, ಶಾನುಭೋಗಿಕೆ. ನಮ್ಮಲ್ಲಿ ವಂಶದ ಪಟೇಲಿಕೆ ಕಾನೂನಿನಲ್ಲಾದರೂ ಸತ್ತು ಎಷ್ಟೋ ಕಾಲವಾಯಿತು. ಪ್ರಪಂಚಕ್ಕೆ ಪ್ರಜಾಪ್ರಭುತ್ವದ ಪಾಠ ಹೇಳುವ ದೇಶದ ದೊಡ್ಡ ದೊಡ್ಡ ಕಾಲೇಜುಗಳಲ್ಲಿ ಅದು ಇನ್ನೂ ಬದುಕಿದೆ. ಹಾರ್ವರ್ಡಿನ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಅವರ ಕಡತಗಳು ಹೊರಬಿದ್ದವು. ಆರು ವರ್ಷಗಳ ಲೆಕ್ಕದಲ್ಲಿ, ಅಪ್ಪನೋ ಅಮ್ಮನೋ ಅಲ್ಲಿ ಓದಿದ್ದ ಅರ್ಜಿದಾರರಲ್ಲಿ ಮೂವರಲ್ಲಿ ಒಬ್ಬ ಆಯ್ಕೆಯಾಗಿದ್ದ. ಉಳಿದವರಲ್ಲಿ ನೂರಕ್ಕೆ ಆರು. ಆಯ್ಕೆಯಾದ ಬಿಳಿಯರಲ್ಲಿ ನೂರಕ್ಕೆ ೪೩ ಮಂದಿ ಒಂದೋ ಆಟಗಾರರ ಕೋಟಾ, ಒಂದೋ ವಂಶದ ಕೋಟಾ, ಒಂದೋ ಅಲ್ಲಿನ ಅಧ್ಯಾಪಕ ಸಿಬ್ಬಂದಿಯ ಮಕ್ಕಳು, ಇಲ್ಲವೇ ದಾನಿಗಳ ಕಡೆಯವರಂಥ, ಡೀನ್ ಸಾಹೇಬರ ವಿಶೇಷ ಪಟ್ಟಿಯವರು. ಈ ಊರುಗೋಲು ಕಿತ್ತುಕೊಂಡಿದ್ದರೆ ಅವರಲ್ಲಿ ಮುಕ್ಕಾಲು ಪಾಲು ಹೊರಗೇ ಉಳಿಯುತ್ತಿದ್ದರು ಅಂತ ಆ ಮೊಕದ್ದಮೆಯ ಅಂಕಿಅಂಶ ಪರಿಶೀಲಿಸಿದ ಅರ್ಥಶಾಸ್ತ್ರಜ್ಞರು ೨೦೧೯ರಲ್ಲಿ ಬರೆದರು.

೨೦೨೩ರಲ್ಲಿ ರಾಜ್ ಚೆಟ್ಟಿ ಮತ್ತವರ ಜೊತೆಯವರು ಇನ್ನೊಂದು ಲೆಕ್ಕ ತೆಗೆದರು. ಅಮೆರಿಕದ ಹನ್ನೆರಡು ದೊಡ್ಡ ಕಾಲೇಜುಗಳಲ್ಲಿ, ಪರೀಕ್ಷೆಯ ಅಂಕ ಒಂದೇ ಇದ್ದರೂ, ಮೇಲಿನ ನೂರಕ್ಕೊಂದು ಪಾಲು ಶ್ರೀಮಂತರ ಮಗುವಿಗೆ ಮಧ್ಯಮವರ್ಗದ ಮಗುವಿಗಿಂತ ಸೀಟು ಸಿಗುವ ಅವಕಾಶ ಎರಡರಷ್ಟಕ್ಕೂ ಹೆಚ್ಚು. ಇದು ಅವರದೇ ದೇಶದ ಮಕ್ಕಳ ಲೆಕ್ಕ. ಇಷ್ಟು ಬಾಗಿಲು ತೆರೆದಿದ್ದರೂ ಸಾಲದವರು ಹಿತ್ತಿಲಿಂದ ಬಂದರು. ೨೦೧೯ರಲ್ಲಿ ರಿಕ್ ಸಿಂಗರ್ ಎಂಬ ದಲ್ಲಾಳಿ ಸಿಕ್ಕಿಬಿದ್ದ. ಎರಡೂವರೆ ಕೋಟಿ ಡಾಲರು ತಿಂದು, ಪರೀಕ್ಷೆಯಲ್ಲಿ ಕಳ್ಳಾಟ ಆಡಿಸಿ, ದೋಣಿಯನ್ನೇ ನೋಡದ ಮಕ್ಕಳನ್ನು ದೋಣಿ ಆಟಗಾರರೆಂದು ತೋರಿಸಿ ಸೀಟು ಕೊಡಿಸಿದ್ದ. ಐವತ್ತಕ್ಕೂ ಹೆಚ್ಚು ಜನರ ಮೇಲೆ ಕೇಸಾಯಿತು. ಅವರಲ್ಲಿ ಸಿನಿಮಾ ತಾರೆಯರು, ವಕೀಲರು, ಕಂಪನಿ ಒಡೆಯರು.

ಈಗ ಹೇಳಿ ಸ್ವಾಮಿ, ಪ್ರತಿಭೆ ಅಂದರೆ ಏನು?

೨೦೨೩ರ ಜೂನ್ ೨೯ರಂದು ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಕರಿಯರಿಗೆ, ಸ್ಪ್ಯಾನಿಷ್ ಮೂಲದವರಿಗೆ ಜನಾಂಗದ ಆಧಾರದ ಮೇಲೆ ಕೊಡುತ್ತಿದ್ದ ಆದ್ಯತೆ ಸಲ್ಲದು ಅಂತ. ಮರುವರ್ಷ ಎಂಐಟಿಯ ಹೊಸ ತಂಡದಲ್ಲಿ ಕರಿಯ ವಿದ್ಯಾರ್ಥಿಗಳು ನೂರಕ್ಕೆ ೧೩ರಿಂದ ೫ಕ್ಕೆ ಇಳಿದರು. ಆಮ್ಹರ್ಸ್ಟಿನಲ್ಲಿ ೧೧ರಿಂದ ೩ಕ್ಕೆ. ಆದರೆ ಅದೇ ತೀರ್ಪು ಅಪ್ಪಂದಿರ ಕೋಟಾವನ್ನು ಮುಟ್ಟಲಿಲ್ಲ. ದಾನಿಗಳ ಪಟ್ಟಿಯನ್ನು ಮುಟ್ಟಲಿಲ್ಲ. ಕೆಲವು ಕಾಲೇಜುಗಳು ತಾವಾಗಿ ಬಿಟ್ಟವು, ಅದನ್ನೂ ಹೇಳಬೇಕು. ಎಂಐಟಿ ಅಂಥ ಆದ್ಯತೆ ಕೊಡುವುದಿಲ್ಲ. ಜಾನ್ಸ್ ಹಾಪ್ಕಿನ್ಸ್ ಬಿಟ್ಟಿತು. ಆಮ್ಹರ್ಸ್ಟ್ ೨೦೨೧ರಲ್ಲಿ ಬಿಟ್ಟಿತು. ಕ್ಯಾಲಿಫೋರ್ನಿಯಾ ರಾಜ್ಯ ೨೦೨೪ರಲ್ಲಿ ಖಾಸಗಿ ಕಾಲೇಜುಗಳಲ್ಲೂ ಅದನ್ನು ನಿಷೇಧಿಸುವ ಕಾನೂನು ಮಾಡಿತು. ಹೋರಾಡಿದರೆ ಬೀಗ ಮುರಿಯುತ್ತದೆ ಅನ್ನಲಿಕ್ಕೆ ಇದು ಸಾಕ್ಷಿ.

*

ಇಲ್ಲಿ ನಮ್ಮ ಊರಿನ ಪ್ರತಿಭಾವಂತರನ್ನು ಎರಡು ಮಾತು ಕೇಳಲೇಬೇಕು.

ಮೀಸಲಾತಿಯಿಂದ ದೇಶ ಹಾಳಾಯಿತು ಅಂತ ಬಸ್ಸಲ್ಲಿ, ಆಫೀಸಲ್ಲಿ, ಮದುವೆ ಊಟದ ಸಾಲಲ್ಲಿ ನೀವು ಹೇಳುತ್ತಲೇ ಇರುತ್ತೀರಿ. ನಿಮ್ಮ ಮಕ್ಕಳನ್ನು ಅಮೆರಿಕಕ್ಕೆ ಕಳಿಸಲು ಬೆಂಗಳೂರಿನ ಸಲಹಾ ಕಚೇರಿಗಳಿಗೆ ಲಕ್ಷಗಟ್ಟಲೆ ಸುರಿಯುತ್ತೀರಿ. ಅಲ್ಲಿ ಕೂತವರು ನಿಮ್ಮ ಮಗುವಿಗೆ ಎಂಟನೇ ಕ್ಲಾಸಿನಿಂದಲೇ 'ವ್ಯಕ್ತಿತ್ವ' ಹೊಲಿಯುತ್ತಾರೆ. ಒಂದು ವಾರ ಹಳ್ಳಿಗೆ ಕರೆತಂದು ನಮ್ಮ ಕೇರಿಯ ಮಕ್ಕಳಿಗೆ ಪೆನ್ಸಿಲು ಹಂಚಿಸಿ ಫೋಟೋ ತೆಗೆಸುತ್ತಾರೆ. ಅದು ಅರ್ಜಿಯಲ್ಲಿ 'ಸಮಾಜಸೇವೆ' ಆಗುತ್ತದೆ. ಪೆನ್ಸಿಲು ಇಸಕೊಂಡ ಹುಡುಗಿ ಬೆಳಗ್ಗೆ ಎಮ್ಮೆ ಮೇಯಿಸಿ, ತಮ್ಮನನ್ನು ಅಂಗನವಾಡಿಗೆ ಬಿಟ್ಟು, ನೀರು ಹೊತ್ತು ಶಾಲೆಗೆ ಬಂದಿರುತ್ತಾಳಲ್ಲ, ಅದು ಏನೂ ಆಗುವುದಿಲ್ಲ. ನಿಮ್ಮ ಮಗ ಒಂದು ವಾರ ಬಡತನ ನೋಡಿದರೆ ಅದು ಪ್ರತಿಭೆ. ಇವಳು ಹದಿನೇಳು ವರ್ಷ ಬಡತನದಲ್ಲಿ ಬದುಕಿದರೆ ಅದು ಹಣೆಬರಹ.

ದೇವೇಶ್ ಕಪೂರ್ ಮತ್ತಿತರ ವಿದ್ವಾಂಸರು ೨೦೦೩ರ ಸುಮಾರಿನ ಅಂದಾಜೊಂದನ್ನು ಕೊಟ್ಟಿದ್ದಾರೆ. ಅಮೆರಿಕಕ್ಕೆ ಹೋದ ಭಾರತೀಯರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಮೇಲ್ಜಾತಿ, ಪ್ರಬಲ ಜಾತಿಯವರು. ವಿಮಾನ ಹತ್ತಿದ್ದು ಬರೀ ಪ್ರತಿಭೆಯಲ್ಲ, ಜೊತೆಗೆ ಜಾತಿಯೂ ಹತ್ತಿದೆ. ಇಲ್ಲದಿದ್ದರೆ ಬ್ರಾಂಡೈಸ್ ವಿಶ್ವವಿದ್ಯಾಲಯ ೨೦೧೯ರಲ್ಲಿ, ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯ ೨೦೨೨ರಲ್ಲಿ ತಮ್ಮ ತಾರತಮ್ಯ ವಿರೋಧಿ ನಿಯಮಗಳಲ್ಲಿ 'ಜಾತಿ' ಅನ್ನುವ ಪದ ಸೇರಿಸಬೇಕಾಗಿ ಯಾಕೆ ಬಂತು? ಸಿಯಾಟಲ್ ನಗರ ೨೦೨೩ರಲ್ಲಿ ಜಾತಿ ತಾರತಮ್ಯವನ್ನು ಯಾಕೆ ನಿಷೇಧಿಸಿತು? ಕ್ಯಾಲಿಫೋರ್ನಿಯಾ ರಾಜ್ಯಕ್ಕೇ ಅಂಥ ಕಾನೂನು ಬರಲಿದ್ದಾಗ ಅಲ್ಲಿ ಎದ್ದು ಕೂಗಿದವರು ಯಾರು? ಅದೇ ವರ್ಷದ ಅಕ್ಟೋಬರಿನಲ್ಲಿ ಗವರ್ನರು ಅದಕ್ಕೆ ಸಹಿ ಹಾಕಲು ನಿರಾಕರಿಸಿದಾಗ ಸಿಹಿ ಹಂಚಿದ ಮನಸ್ಸು ಯಾವುದು? ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಅನ್ನುತ್ತಿದ್ದರು ಹಿಂದೆ. ಕೆಡಲಿಲ್ಲ. ಚೆನ್ನಾಗಿ ಉಪ್ಪು ಹಾಕಿಟ್ಟ ಉಪ್ಪಿನಕಾಯಿಯಂತೆ ಉಳಿದುಕೊಂಡಿದೆ.

*

ನಮ್ಮವರಿಗೂ ಒಂದು ಮಾತು. ನಮ್ಮಲ್ಲಿ ಎರಡು ಗುಂಪು ನೋಡಿದ್ದೇನೆ.

ಒಂದು ಗುಂಪಿನ ಗೆಳೆಯರು "ಅಮೆರಿಕ ಸಾಮ್ರಾಜ್ಯಶಾಹಿ, ಅದರ ಕಾಲೇಜು ನಮಗೆ ಬೇಡ" ಅನ್ನುತ್ತಾರೆ. ವಾದ ಸರಿಯಿರಬಹುದು. ಆದರೆ ಬೇಡ ಅನ್ನುವ ಹಕ್ಕು ಬಾಗಿಲು ತೆರೆದವನಿಗೆ ಮಾತ್ರ. ಮುಚ್ಚಿದ ಬಾಗಿಲ ಮುಂದೆ ನಿಂತು ನಾವೇ ಬೇಡ ಅಂದೆವು ಅನ್ನುವುದು ನರಿ ದ್ರಾಕ್ಷಿ ಬಿಟ್ಟ ಕಥೆ. ೧೮೭೩ರಲ್ಲೇ ಜೋತಿಬಾ ಫುಲೆ ತನ್ನ 'ಗುಲಾಮಗಿರಿ'ಯನ್ನು, ಕರಿಯರ ಗುಲಾಮಗಿರಿ ಕೊನೆಗಾಣಿಸಲು ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದ. ಪುಣೆಯಲ್ಲಿ ಕೂತು ಅವನು ಆ ದೇಶದ ಒಳಗಿನ ಎರಡು ದೇಶಗಳನ್ನು ಬೇರೆ ಬೇರೆಯಾಗಿ ಗುರುತಿಸಿದ. ನಮಗೇನಾಗಿದೆ?

ಇನ್ನೊಂದು ಗುಂಪು "ಬಾಬಾಸಾಹೇಬರು ಹೋಗಲಿಲ್ಲವೇ? ಮನಸ್ಸು ಮಾಡಿದರೆ ಎಲ್ಲರೂ ಹೋಗಬಹುದು" ಅಂತ ಭಾಷಣ ಮಾಡುತ್ತದೆ. ಬಾಬಾಸಾಹೇಬರು ಹೋದರು. ೧೯೧೩ರಲ್ಲಿ ಕೊಲಂಬಿಯಾಕ್ಕೆ ಹೋದರು. ೧೯೧೫ರಲ್ಲಿ ಎಂ.ಎ. ಮುಗಿಸಿದರು. ೧೯೧೬ರಲ್ಲಿ ಭಾರತದ ಜಾತಿಗಳ ಹುಟ್ಟಿನ ಬಗ್ಗೆ ಅಲ್ಲಿ ಪ್ರಬಂಧ ಓದಿದರು. ಆದರೆ ಮನಸ್ಸು ಮಾತ್ರ ಹಡಗಿನ ಟಿಕೆಟ್ಟು ಕೊಡಿಸಲಿಲ್ಲ. ಬರೋಡದ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷ ಕೊಟ್ಟರು. ಅದಕ್ಕೆ ಬದಲಾಗಿ ಹತ್ತು ವರ್ಷ ಸಂಸ್ಥಾನದ ಚಾಕರಿ ಅಂತ ಕರಾರಾಯಿತು. ವಾಪಸ್ಸು ಬಂದು ಚಾಕರಿಗೆ ಹೋದರೆ ಬರೋಡದಲ್ಲಿ ತಲೆ ಇಡಲು ಜಾಗ ಸಿಗಲಿಲ್ಲ. ಬುದ್ಧಿಯೂ ಬೇಕಿತ್ತು, ದುಡ್ಡು ಕೊಡುವವರೂ ಬೇಕಿತ್ತು. ಎರಡನ್ನೂ ಹೇಳದೆ ಒಂದನ್ನೇ ಹೇಳುವವರು ನಮ್ಮ ಮಕ್ಕಳಿಗೆ ಅನ್ಯಾಯ ಮಾಡುತ್ತಾರೆ. ಅದೇ ಕೊಲಂಬಿಯಾದ ಒಂದು ಗ್ರಂಥಾಲಯದಲ್ಲಿ ಇವತ್ತು ಬಾಬಾಸಾಹೇಬರ ಮೂರ್ತಿ ಇದೆ. ಅದೇ ಕೊಲಂಬಿಯಾ ಇವತ್ತು ಮೊದಲ ಪದವಿಗೆ ಅರ್ಜಿ ಹಾಕುವ ಹೊರದೇಶದ ಮಕ್ಕಳಿಗೆ ಎಷ್ಟು ನೆರವು ಬೇಕು ಅನ್ನುವುದನ್ನೂ ತೂಗಿ ನೋಡುತ್ತದೆ. ಮೂರ್ತಿಗೆ ಹಾರ, ಮೊಮ್ಮಗಳಿಗೆ ತಕ್ಕಡಿ. ಇದು ನಮ್ಮಲ್ಲೂ ಹಾಗೇ ತಾನೆ?

ನಮ್ಮ ಸರ್ಕಾರ ಏನು ಮಾಡಿದೆ? ಪರಿಶಿಷ್ಟರಿಗಾಗಿ ಕೇಂದ್ರದ ಸಾಗರೋತ್ತರ ವಿದ್ಯಾರ್ಥಿವೇತನ ೧೯೫೪-೫೫ರಿಂದ ಇದೆ. ಇಡೀ ದೇಶಕ್ಕೆ ವರ್ಷಕ್ಕೆ ೧೨೫. ಅದೂ ಎಂ.ಎ. ಮತ್ತು ಪಿಎಚ್.ಡಿ.ಗೆ ಮಾತ್ರ. ಪಿಯುಸಿ ಮುಗಿಸಿದ ನಮ್ಮ ಹುಡುಗಿಗೆ ಅದರಲ್ಲಿ ಜಾಗವೇ ಇಲ್ಲ. ೨೦೨೨ರಲ್ಲಿ ಇನ್ನೊಂದು ನಿಯಮ ತಂದರು. ಭಾರತದ ಸಂಸ್ಕೃತಿ, ಪರಂಪರೆ, ಚರಿತ್ರೆ, ಸಮಾಜ ಇವುಗಳ ಬಗ್ಗೆ ಓದಲು ಹೋದರೆ ಈ ದುಡ್ಡಿಲ್ಲ ಅಂತ. ಬಾಬಾಸಾಹೇಬರು ಇವತ್ತು ಈ ವೇತನಕ್ಕೆ ಅರ್ಜಿ ಹಾಕಿ 'ಭಾರತದ ಜಾತಿಗಳು' ಅಂತ ವಿಷಯ ಬರೆದಿದ್ದರೆ, ಗುಮಾಸ್ತ ಅದನ್ನು ತಿರಸ್ಕಾರದ ಕಟ್ಟಿಗೆ ಸೇರಿಸುತ್ತಿದ್ದ. ಇದಕ್ಕಿಂತ ದೊಡ್ಡ ಅವಮಾನ ಬೇಕೆ?

*

ಈಗ ಕೆಲಸದ ಮಾತು. ಹಳ್ಳಿಯ ಮೇಷ್ಟ್ರುಗಳೇ, ಇದು ನಿಮಗೆ.

ಆ ಅರ್ಜಿಯಲ್ಲಿ ಹುಡುಗಿ ತನ್ನ ಚಟುವಟಿಕೆಗಳನ್ನು ಬರೆಯಲು ಹತ್ತು ಖಾನೆ ಇವೆ. ಅದನ್ನು ನೋಡಿ ನಮ್ಮ ಮಕ್ಕಳು "ನಾನು ಪಿಯಾನೋ ನುಡಿಸಲ್ಲ, ಟೆನಿಸ್ ಆಡಲ್ಲ" ಅಂತ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಆ ಪಟ್ಟಿಯಲ್ಲಿ 'ಕುಟುಂಬದ ಜವಾಬ್ದಾರಿ' ಅಂತ ಒಂದು ಬಗೆ ಇದೆ. 'ಕೂಲಿ ಕೆಲಸ'ಕ್ಕೂ ಜಾಗ ಇದೆ. ವಾರಕ್ಕೆ ಎಷ್ಟು ಗಂಟೆ ಅಂತಲೂ ಕೇಳುತ್ತಾರೆ. ನೀರು ಹೊತ್ತದ್ದು, ಶನಿವಾರ ಭಾನುವಾರ ಈರುಳ್ಳಿ ಕಿತ್ತದ್ದು, ಅಜ್ಜಿಯ ಔಷಧಿ ನೋಡಿಕೊಂಡದ್ದು, ಕೇರಿಯ ಚಿಕ್ಕ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟದ್ದು, ಎಲ್ಲ ಬರೆಸಿ. ಗಂಟೆ ಲೆಕ್ಕ ಹಾಕಿ ಬರೆಸಿ. ಅದು ದುಡಿಮೆ. ನಾಚಿಕೆ ಪಡಬೇಕಾದವರು ಬೇರೆ.

ನಿಮ್ಮ ಶಿಫಾರಸು ಪತ್ರ ಕೇಳುತ್ತಾರೆ. ನಮ್ಮಲ್ಲಿ ಅಂಥ ಪತ್ರ ಅಂದರೆ 'ಸದರಿ ವಿದ್ಯಾರ್ಥಿಯ ನಡತೆ ತೃಪ್ತಿಕರ' ಅನ್ನುವ ಎರಡು ಸಾಲು. ಅಷ್ಟು ಬರೆದರೆ ಹುಡುಗಿ ಅಲ್ಲೇ ಮುಗಿದಳು. ಅವಳು ಕರಿಹಲಗೆಯ ಮುಂದೆ ನಿಂತು ಯಾವ ಲೆಕ್ಕವನ್ನು ನೀವು ಹೇಳಿಕೊಡದ ದಾರಿಯಲ್ಲಿ ಬಿಡಿಸಿದಳು ಅಂತ ಬರೆಯಿರಿ. ನಿಮ್ಮ ಇಂಗ್ಲಿಷು ಸೊಟ್ಟಗಿದ್ದರೆ ಇರಲಿ, ಸತ್ಯ ನೆಟ್ಟಗಿರಲಿ.

ಪ್ರಬಂಧ ಒಂದಿದೆ. ಹೆಚ್ಚೆಂದರೆ ೬೫೦ ಪದ. ಇಲ್ಲಿ ಹುಷಾರು. ಸುಪ್ರೀಂ ಕೋರ್ಟು ಜನಾಂಗದ ಖಾನೆಯ ಆದ್ಯತೆ ಕಿತ್ತುಹಾಕಿತು, ಆದರೆ ಅದರಿಂದ ತನ್ನ ಬದುಕಿಗೆ ಏನಾಯಿತು ಅಂತ ಪ್ರಬಂಧದಲ್ಲಿ ಹೇಳಿಕೊಳ್ಳಬಹುದು ಅಂದಿತು. ಅಂದಿನಿಂದ ನೋವಿಗೆ ಬೆಲೆ ಏರಿದೆ. ನಾನು ಬೆಂಗಳೂರಿನ ಒಬ್ಬ ಸಲಹೆಗಾರನ ಹತ್ತಿರ ಆ ಹುಡುಗಿಯ ಪರವಾಗಿ ಹೋಗಿದ್ದೆ. ಐದು ಲಕ್ಷ ಕೇಳಿದ. ನಾವು ಯಾರು ಅಂತ ಗೊತ್ತಾದ ಮೇಲೆ ಮುಖ ಅರಳಿತು. "ಕಾಸ್ಟ್ ಸ್ಟೋರಿ ಇದೆಯಲ್ಲ, ಸೂಪರ್ ಆಗಿ ಹೋಗುತ್ತೆ, ಏನಾದ್ರೂ ಘಟನೆ ಆಗಿದೆಯಾ? ಹೊಡೆದಿದ್ದಾರಾ?" ಅಂದ. ಎದ್ದು ಬಂದೆ. ನಮ್ಮ ಅಪ್ಪಂದಿರ ಬೆನ್ನಿನ ಬಾಸುಂಡೆ ಅವನ ಅಂಗಡಿಯ ಸರಕು. ಹುಡುಗಿಯರೇ, ಹುಡುಗರೇ, ನೋವು ಬರೆಯಬೇಡಿ ಅಂತ ನಾನು ಹೇಳುವುದಿಲ್ಲ. ನಾನೂ ಅದನ್ನೇ ಬರೆಯುವವನು. ಆದರೆ ಕರುಣೆ ಗಿಟ್ಟಿಸಲು ಬರೆಯಬೇಡಿ. ನೀವು ಏನು ಯೋಚಿಸುತ್ತೀರಿ, ಯಾವ ಪ್ರಶ್ನೆ ನಿಮ್ಮನ್ನು ನಿದ್ದೆಗೆಡಿಸುತ್ತದೆ, ಅದನ್ನು ಬರೆಯಿರಿ. ಗಾಯ ತೋರಿಸುವವರಾಗಿ ಹೋಗಬೇಡಿ, ತಲೆ ಇರುವವರಾಗಿ ಹೋಗಿ.

ಸಣ್ಣ ಸಣ್ಣ ಬೀಗಗಳೂ ಇವೆ. ಎಸ್‌ಎಟಿ ಪರೀಕ್ಷೆಗೆ ನಮ್ಮ ದೇಶದಿಂದ ನೂರು ಡಾಲರು ದಾಟುತ್ತದೆ, ಅದನ್ನು ಬರೆಯಲು ಲ್ಯಾಪ್‌ಟಾಪು ಬೇಕು. ಕೊರೊನಾ ಕಾಲದಲ್ಲಿ ಈ ಪರೀಕ್ಷೆ ಕೈಬಿಟ್ಟಿದ್ದ ಎಂಐಟಿ ೨೦೨೨ರಲ್ಲಿ, ಡಾರ್ಟ್‌ಮತ್ ಮತ್ತು ಹಾರ್ವರ್ಡ್ ೨೦೨೪ರಲ್ಲಿ ಮತ್ತೆ ಕಡ್ಡಾಯ ಮಾಡಿದವು. ಅರ್ಜಿಯೊಂದಕ್ಕೆ ಎಪ್ಪತ್ತೈದು, ತೊಂಬತ್ತು ಡಾಲರು. ಆದರೆ ಶುಲ್ಕ ಕಟ್ಟಲಾಗದು ಅಂತ ಕಾಲೇಜಿಗೇ ಬರೆದು ಕೇಳಿದರೆ ಮನ್ನಾ ಮಾಡುವವು ಬಹಳ ಇವೆ. ವೆಲ್ಸ್ಲಿ, ಸ್ಮಿತ್ ಎಂಬ ಹೆಣ್ಣುಮಕ್ಕಳ ಕಾಲೇಜುಗಳು ಅರ್ಜಿಗೆ ಶುಲ್ಕವನ್ನೇ ಕೇಳುವುದಿಲ್ಲ. ಇದು ಯಾವ ದಲ್ಲಾಳಿಯೂ ಹೇಳದ ಮಾತು. ಇಡೀ ಕೇರಿ ಬಡ್ಡಿ ಸಾಲ ಮಾಡಿ ದಲ್ಲಾಳಿಗೆ ಕೊಡಬೇಡಿ.

ಕೊನೆಯ ಬೀಗ ವೀಸಾ. ಆಯ್ಕೆಯಾದ ಮೇಲೂ ಅಧಿಕಾರಿಯ ಮುಂದೆ ನಿಂತು, ವಾಪಸ್ಸು ಬರುತ್ತೇನೆ ಅಂತ ಒಪ್ಪಿಸಬೇಕು. ಊರಲ್ಲಿ ಆಸ್ತಿ ಇದ್ದವನಿಗೆ ಅದು ಸುಲಭ. ೨೦೨೫ರ ಜೂನಿನಿಂದ ವಿದ್ಯಾರ್ಥಿಗಳ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ತೆರೆದಿಡಬೇಕು ಅಂದರು. ನೀವು ಬರೆದ ಪದ್ಯವನ್ನೂ ಅವರು ಓದಬಹುದು. ಅದೇ ವರ್ಷ ಮೇನಲ್ಲಿ ಹಾರ್ವರ್ಡ್ ಹೊರದೇಶದವರನ್ನು ಸೇರಿಸಿಕೊಳ್ಳುವಂತೆಯೇ ಇಲ್ಲ ಅಂತ ಟ್ರಂಪ್ ಸರ್ಕಾರ ಆಜ್ಞೆ ಮಾಡಿತು. ನ್ಯಾಯಾಲಯ ತಡೆಯಿತು. ಅಕ್ಟೋಬರಿನಲ್ಲಿ ಒಂಬತ್ತು ವಿಶ್ವವಿದ್ಯಾಲಯಗಳ ಮುಂದೆ ಒಪ್ಪಂದ ಇಟ್ಟರು. ಪದವಿ ತರಗತಿಯಲ್ಲಿ ಹೊರದೇಶದವರು ನೂರಕ್ಕೆ ಹದಿನೈದು ಮೀರಬಾರದು, ಒಂದು ದೇಶದವರು ಐದು ಮೀರಬಾರದು ಅಂತ. ಮೊದಲು ಒಲ್ಲೆ ಅಂದದ್ದು ಎಂಐಟಿ. ೧೯೨೨ರಲ್ಲಿ ಲೋವೆಲ್ ಹೇಳಿದ್ದೂ ಹದಿನೈದು. ನೂರು ವರ್ಷವಾದರೂ ಯಜಮಾನರಿಗೆ ಅದೇ ಸಂಖ್ಯೆ ಇಷ್ಟ.

ಇಷ್ಟೆಲ್ಲ ಎಣಿಸಿದ ಮೇಲೆ ನೀವು ಕೇಳಬಹುದು, ನೂರಕ್ಕೆ ಇಬ್ಬರು ಗೆಲ್ಲುವ ಕಡೆ ಯಾಕೆ ಕಳಿಸಬೇಕು? ಅದೊಂದನ್ನೇ ನಂಬಿ ಕಳಿಸಬೇಡಿ. ಸಿಇಟಿಯೂ ಬರೆಯಲಿ, ಇಲ್ಲಿನ ಒಳ್ಳೆ ಕಾಲೇಜಿಗೂ ಅರ್ಜಿ ಹಾಕಲಿ. ಸೋತರೆ ಅವಳ ತಲೆ ಸೋತಿತು ಅಂತ ಯಾರೂ ಹೇಳಕೂಡದು. ಆ ತೊಂಬತ್ತೆಂಟು ಮಂದಿಯಲ್ಲಿ ಬಹಳ ಜನ ಗೆದ್ದವರಷ್ಟೇ ಬುದ್ಧಿವಂತರು. ಆದರೆ ಅರ್ಜಿಯನ್ನೇ ಹಾಕದಂತೆ ಅವಳ ಬಾಯಿ ಮುಚ್ಚಿಸುವ ಅಧಿಕಾರ ನನಗಿಲ್ಲ, ನಿಮಗಿಲ್ಲ.

ಸಂಘಟನೆಯ ಗೆಳೆಯರೇ, ನಮ್ಮ ಬೇಡಿಕೆ ಪಟ್ಟಿಗೆ ಇವು ಸೇರಲಿ. ಸಾಗರೋತ್ತರ ವೇತನ ಮೊದಲ ಪದವಿಗೂ ಸಿಗಲಿ. ಸಂಖ್ಯೆ ಹೆಚ್ಚಲಿ. ನಮ್ಮ ಸಮಾಜದ ಬಗ್ಗೆ ಓದಬಾರದೆಂಬ ನಿಯಮ ಹೋಗಲಿ. ಪ್ರತಿ ತಾಲ್ಲೂಕಿನ ವಿದ್ಯಾರ್ಥಿನಿಲಯದಲ್ಲಿ ಇಂಥ ಅರ್ಜಿ ತುಂಬಿಸಲು ಬಲ್ಲ ಒಬ್ಬರು ಇರಲಿ. ಅಲ್ಲೀತನಕ ನಾವೇ ಆ ಒಬ್ಬರಾಗೋಣ.

ಆ ಹುಡುಗಿ ಈಗ ಎರಡನೇ ಪಿಯುಸಿ. ನಾನು ಅವರ ಮನೆಗೆ ಹೋಗಿ ಅವಳಪ್ಪನ ಮುಂದೆ, ಅವಳ ಮುಂದೆ, ತಪ್ಪಾಯ್ತು ಅಂದೆ. ಅವಳು ಏನೂ ಹೇಳಲಿಲ್ಲ, ಒಳಗೆ ಹೋಗಿ ನೋಟುಪುಸ್ತಕ ತಂದಳು. ಈಗ ವಾರಕ್ಕೆರಡು ಸಂಜೆ ಅದೇ ಜಗುಲಿಯ ಮೇಲೆ ಕೂತು ಹತ್ತು ಖಾನೆ ತುಂಬುತ್ತಿದ್ದೇವೆ. ಏಳು ತುಂಬಿವೆ. ಮೊದಲ ಖಾನೆಯಲ್ಲಿ ಅವಳೇ ಬರೆದದ್ದು: ವಾರಕ್ಕೆ ಹದಿನಾಲ್ಕು ಗಂಟೆ, ನೀರು.